ನೋಟಿಸು ಮೊದಲು, ಪಹಣಿ ಆಮೇಲೆ

ಶಿಡ್ಲಘಟ್ಟದ ಹತ್ತಿರದ ಮೇಲೂರು ಅಂದ್ರೆ ಹಿಪ್ಪುನೇರಳೆ, ದ್ರಾಕ್ಷಿ. ಹೊಲದಲ್ಲಿ ದ್ರಾಕ್ಷಿ ಚಪ್ಪರ ಎದ್ದಿದ್ದರೂ ಪಹಣಿಯಲ್ಲಿ ಇನ್ನೂ ರಾಗಿಯೇ ಇದ್ದರೆ? ಕ್ಲೌಡ್ ಕೆಲಸದವರು ಇದನ್ನೇ ಡ್ರಿಫ್ಟ್ ಅಂತೀವಿ.

ಟೆರಾಫಾರ್ಮ್ ಕೂಡ ಒಂದು ಪಹಣಿ ಇಟ್ಟಿರುತ್ತೆ, ಅದೇ ಸ್ಟೇಟ್ ಫೈಲ್. ಯಾರೋ ಕನ್ಸೋಲ್‌ನಲ್ಲಿ ಸರ್ವರ್ ಬದಲಿಸಿದರೆ ಅದನ್ನು ರಿಫ್ರೆಶ್ ಮಾಡಬೇಕು. ಹಳೆಯ ರಿಫ್ರೆಶ್ ಕಮಾಂಡು ಅವಸರದ ಶಾನುಭೋಗರ ಥರ, ಯಾರನ್ನೂ ಕೇಳದೆ ಬರೆದುಬಿಡುತ್ತಿತ್ತು. ಲಾಗಿನ್ ವಿವರ ತಪ್ಪಿದ್ದರೆ, ಓಡುತ್ತಿರುವ ಸರ್ವರುಗಳೆಲ್ಲ ಇಲ್ಲವೇ ಇಲ್ಲ ಅಂತ ಸ್ಟೇಟಿನಿಂದ ಅಳಿಸಿಹಾಕುವ ಅಪಾಯ! 2021ರಲ್ಲಿ, 0.15.4ನೇ ಆವೃತ್ತಿಯಲ್ಲಿ, 'ರಿಫ್ರೆಶ್-ಓನ್ಲಿ' ಬಂತು. ಏನು ಬದಲಾಗಿದೆ ಅಂತ ತೋರಿಸಿ, ಒಪ್ಪಿಗೆ ಕೇಳಿ, ಆಮೇಲೆ ಬರೆಯುತ್ತೆ.

ನಮ್ಮ ಕಂದಾಯದವರಿಗೆ ಇದು ಹಳೇ ಪಾಠ. ಪಹಣಿಯಲ್ಲಿ ಬೆಳೆ ತಪ್ಪಾದರೆ ಪರಿಹಾರ ತಪ್ಪೀತು, ಹೆಸರು ತಪ್ಪಾದರೆ ಜಮೀನೇ ಹೋದೀತು. ಅದಕ್ಕೇ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ಮೊದಲು ನೋಟಿಸು, ತಕರಾರಿಗೆ ಒಂದಷ್ಟು ದಿನ, ಆಮೇಲೆ ಮ್ಯುಟೇಶನ್. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿ ಹೋಯ್ತು, ನೋಟಿಸು ಉಳೀತು. ಕಂಪ್ಯೂಟರ್ ಬಂದ್ರೂ ಯಾಕಪ್ಪಾ ಕಾಯೋದು ಅಂತ ಗೊಣಗುವವರುಂಟು. ಮದುವೆಯಾಗಿ ಬೆಂಗಳೂರು ಸೇರಿದ ಮಗಳು ತನ್ನ ಪಾಲಿಗಾಗಿ ತಕರಾರು ಹಾಕೋದು ಆ ದಿನಗಳಲ್ಲೇ.