ಇಶ್ನೂರಾ ಸೆನೆಗಲೆನ್ಸಿಸ್

ಏರೋಪ್ಲೇನ್ ಚಿಟ್ಟೆಯ ಬಳಗಕ್ಕೆ ಸೇರಿದ ಡ್ಯಾಮ್ಸೆಲ್‌ಫ್ಲೈ. ಉದ್ದ ಸುಮಾರು 3 ಸೆಂ.ಮೀ. ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಒಟ್ಟಿಗೆ ಮಡಿಚಿಕೊಳ್ಳುತ್ತದೆ. ಗಂಡಿನ ಎದೆಯ ಮೇಲೆ ಹಸಿರು ಪಟ್ಟೆ, ಕಪ್ಪು ಹೊಟ್ಟೆಯ ತುದಿಯಲ್ಲಿ ಹೊಳೆವ ನೀಲಿ. ಹೆಣ್ಣುಗಳಲ್ಲಿ ಕೆಲವಕ್ಕೆ ಗಂಡಿನದೇ ಬಣ್ಣ; ಉಳಿದವು ಎಳೆಯವಾಗಿದ್ದಾಗ ಕಿತ್ತಳೆ, ಬೆಳೆದಂತೆ ಮಾಸಲು. ಆಫ್ರಿಕಾದಿಂದ ಭಾರತದ ಮೂಲಕ ಜಪಾನಿನವರೆಗೆ ಇದರ ಹರಹು.

ಸೆನೆಗಲ್ ದೇಶದ ಹೆಸರಿನಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿನ ಕೀಟವಿಜ್ಞಾನಿ ರಾಂಬೂರ್, 1842ರಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಚಿಲಿವರೆಗೆ ಹಬ್ಬಿರುವ ಇದರ ದಾಯಾದಿಗೆ 1850ರಲ್ಲಿ ಬೆಲ್ಜಿಯಮ್ಮಿನ ಸೆಲಿಸ್ ಇದೇ ರಾಂಬೂರ್‌ನ ಹೆಸರಿಟ್ಟು ಇಶ್ನೂರಾ ರಾಂಬುರಿಯೈ ಎಂದು ಕರೆದ. ಅದರ ಹೆಣ್ಣುಗಳಲ್ಲೂ ಗಂಡಿನ ಬಣ್ಣದವು ಇವೆ. ಗಂಡುಗಳ ಕಾಟ ತಪ್ಪಿಸಿಕೊಳ್ಳಲು ಈ ವೇಷ ನೆರವಾಗುತ್ತದೆ ಎಂಬುದು ವಿಜ್ಞಾನಿಗಳ ಪ್ರಮುಖ ವಿವರಣೆ. ಭಾರತದ ಡ್ಯಾಮ್ಸೆಲ್‌ಫ್ಲೈಗಳನ್ನು ಒಂದೆಡೆ ತಂದ ದೊಡ್ಡ ಗ್ರಂಥದ ಮೊದಲ ಸಂಪುಟ ಬಂದದ್ದು 1933ರಲ್ಲಿ. ಬರೆದವನು ಸೈನ್ಯದ ವೈದ್ಯನಾಗಿದ್ದ ಎಫ್. ಸಿ. ಫ್ರೇಸರ್. ಇಂದಿಗೂ ಅದನ್ನು ಬಿಟ್ಟು ಈ ವಿಷಯದ ಅಧ್ಯಯನ ಸಾಗದು.

ನಿಂತ ನೀರು, ನಿಧಾನವಾಗಿ ಹರಿವ ನೀರು, ದಡದಲ್ಲಿ ಹುಲ್ಲು: ಈ ಕೀಟಕ್ಕೆ ಇಷ್ಟು ಸಾಕು. ಕೃಷ್ಣಾ ತುಂಗಭದ್ರೆಯರ ನಡುವಿನ ಸೀಮೆಯಲ್ಲಿ ಹಿಂದೆ ಇಂಥ ಜಾಗ ಕಡಿಮೆ; ಅದು ಜೋಳ, ಹತ್ತಿಯ ಎರೆಹೊಲಗಳ ನಾಡಾಗಿತ್ತು. ಮಳೆ ನಿಂತ ಮೇಲೆ ನೀರು ಉಳಿಯುತ್ತಿದ್ದುದು ಕೆರೆ, ಬಾವಿ, ಹಳ್ಳದ ಮಡುಗಳಲ್ಲಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟ ನಂತರ ಮಾನ್ವಿ, ರಾಯಚೂರು ಕಡೆ ಭತ್ತದ ಗದ್ದೆಗಳಾದವು. ಮುಂದೆ ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ತಿಂಗಳುಗಟ್ಟಲೆ ನೀರು ನಿಲ್ಲುವ ಗದ್ದೆ ಈ ಕೀಟಕ್ಕೆ ಹೇಳಿ ಮಾಡಿಸಿದ ಜಾಗ.

ಹೆಣ್ಣು ನೀರುಗಿಡದ ಎಳೆ ದಂಟು ಸೀಳಿ ಅದರೊಳಗೆ ಮೊಟ್ಟೆ ಇಡುತ್ತದೆ. ಮರಿ ನೀರಿನಲ್ಲೇ ಬೆಳೆಯುತ್ತದೆ; ಬಾಲದ ತುದಿಯ ಮೂರು ಎಸಳುಗಳಂಥ ಕಿವಿರುಗಳು ಅದರ ಉಸಿರಾಟಕ್ಕೆ ನೆರವಾಗುತ್ತವೆ. ಸೊಳ್ಳೆಮರಿಗಳೂ ಅದಕ್ಕೆ ಆಹಾರ. ರೆಕ್ಕೆ ಬಂದ ಮೇಲೆ ಪೈರಿನ ನಡುವೆ ತಗ್ಗಿನಲ್ಲಿ ಹಾರುತ್ತ ಜಿಗಿಹುಳುವಿನಂಥ ಸಣ್ಣ ಕೀಟಗಳನ್ನು ಹಿಡಿಯುತ್ತದೆ. ಗದ್ದೆಗೆ ಎಣ್ಣೆ (ಕೀಟನಾಶಕ) ಹೊಡೆದಾಗ ಜಿಗಿಹುಳುವಿನೊಂದಿಗೆ ಅದನ್ನು ತಿನ್ನುವ ಜೇಡ, ಡ್ಯಾಮ್ಸೆಲ್‌ಫ್ಲೈಗಳೂ ಸಾಯುತ್ತವೆ. ಬೇಗ ಚೇತರಿಸಿಕೊಳ್ಳುವುದು ಜಿಗಿಹುಳುವೇ. ಆದ್ದರಿಂದ ರೈತರು ಪಂಪು ಹೆಗಲಿಗೇರಿಸುವ ಮುನ್ನ ಪೈರಿನ ಬುಡ ಬಿಡಿಸಿ, ಹುಳು ಎಷ್ಟಿದೆ, ಅದನ್ನು ತಿನ್ನುವವು ಎಷ್ಟಿವೆ ಎಂದು ನೋಡಿಕೊಳ್ಳಬೇಕು.