ಮೀಟರ್ ಗೇಜ್ ಡೀಸೆಲ್‌ಗಳ ಜಾಡು ಹಿಡಿದು

ಮಟ್ಟಾಂಚೇರಿಯ ಮೆಣಸಿನ ಮಂಡಿಯಲ್ಲಿ ಲೆಕ್ಕ ಬರೆಯುವ ನಾನು ಹಾಸನದವನು. ನನಗೆ ಮೀಟರ್ ಗೇಜಿನ ವೈಡಿಎಂ-4 ಡೀಸೆಲ್ ಎಂದರೆ ಘಾಟಿಯ ಇಂಜಿನ್. 1979ರಲ್ಲಿ ತೆರೆದ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1996ರಲ್ಲಿ ಮುಚ್ಚಿ, ಬ್ರಾಡ್ ಗೇಜಾಗಿ ಮರಳಿತು. ಇಂಜಿನ್‌ಗಳು ಮರಳಲಿಲ್ಲ.

ಈಗ ನಾನಿರುವ ಕೇರಳದ್ದೂ ಅದೇ ಕತೆ. ಎರ್ನಾಕುಲಂ–ತಿರುವನಂತಪುರ ಮೀಟರ್ ಗೇಜಿನ ಕಾಲ 1976ಕ್ಕೆ ಮುಗಿಯಿತು. 1904ರ ಕೊಲ್ಲಂ–ಸೆಂಗೋಟ್ಟೈ ದಾರಿ ಆಮೇಲೂ ಹದಿಮೂರು ಕಮಾನಿನ ಸೇತುವೆ, ಆರ್ಯಂಕಾವಿನ ಸುರಂಗದೊಂದಿಗೆ ಉಳಿದಿತ್ತು. ಪುನಲೂರು–ಸೆಂಗೋಟ್ಟೈ ನಡುವೆ ಅದೂ 2010ರ ಸೆಪ್ಟೆಂಬರಿನಲ್ಲಿ ನಿಂತಿತು.

ವೈಡಿಎಂ-4 ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ, ಆರು ಸಿಲಿಂಡರು, ಸುಮಾರು 1,400 ಅಶ್ವಶಕ್ತಿ. 1960ರ ದಶಕದ ಆರಂಭದಲ್ಲಿ ಹಡಗೇರಿ ಬಂದ ಇವನ್ನು ಬಳಿಕ ವಾರಾಣಸಿಯಲ್ಲೇ ಕಟ್ಟಿದರು. ಗೇಜ್ ಬದಲಾದಂತೆ ಕೆಲವು ಮ್ಯಾನ್ಮಾರ್‌ಗೆ, ಕೆಲವು ಮಲೇಷ್ಯಾಕ್ಕೆ ಹೋದವು. ಬಹಳಷ್ಟು ಗುಜರಿ ಸೇರಿದವು.

ರೈಲು ಹುಚ್ಚಿನ ನಾವು ಕ್ಯಾಬಿನ್ನಿನ ಮೇಲಿನ ನಂಬರು, ಶೆಡ್ಡಿನ ಹೆಸರು ಹೊಂದಿಸಿ ಬದುಕಿರುವವನ್ನು ಹುಡುಕುತ್ತೇವೆ. ಬಣ್ಣ ಬದಲಾಗುತ್ತದೆ, ನಂಬರು ಸುಲಭಕ್ಕೆ ಬದಲಾಗದು. ಮಧ್ಯಪ್ರದೇಶದ ಪಾತಾಲಪಾನಿ–ಕಾಲಾಕುಂಡ್ ಘಾಟಿಯ ಪ್ರವಾಸಿ ರೈಲನ್ನು ಇವೇ ಎಳೆದಿವೆ. ಎಲ್ಲಾದರೂ ಇಂಥದ್ದೊಂದು ಕಂಡರೆ ಸೆಲ್ಫಿಗಿಂತ ಮೊದಲು ನಂಬರು ಬರೆದುಕೊಳ್ಳಿ. ಗುಜರಿಯವನು ಬಂದು ಹೋದ ಮೇಲೆ ಉಳಿಯುವ ದಾಖಲೆ ಅದೊಂದೇ.