ಮಾವನ ಆಸ್ತಿ ಅಳಿಯನಿಗೆ

ಚಿಕ್ಕ ಮಕ್ಕಳಿಗೆ ‘ನನ್ನ ಕುಟುಂಬ’ ಅಂತ ಒಂದು ಪಾಠ ಇರುತ್ತಲ್ಲ, ಅದರ ಜೊತೆ ಬಿಡಿಸೋ ವಂಶವೃಕ್ಷ ಹೆಚ್ಚುಕಮ್ಮಿ ಒಂದೇ ಥರ. ಮೇಲೆ ಅಜ್ಜ, ಕೆಳಗೆ ಅಪ್ಪ, ಅದರ ಕೆಳಗೆ ಮಗು. ಅಮ್ಮ ಪಕ್ಕದಲ್ಲೆಲ್ಲೋ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ‘ತಂದೆಯ ಹೆಸರು’ ಖಾಲಿ ಬಿಡುವಂತಿಲ್ಲದ ಫೀಲ್ಡು :)

ಆದರೆ ನಮ್ಮದೇ ತುಳುನಾಡಿನಲ್ಲಿ ಈ ಮರ ಬೇರೆ ಥರ ಬೆಳೆದಿತ್ತು. ಬಂಟರು, ಬಿಲ್ಲವರು ಮತ್ತೆ ಇನ್ನೂ ಕೆಲವು ಸಮುದಾಯಗಳಲ್ಲಿ ಇದ್ದದ್ದು ಅಳಿಯಸಂತಾನ ಅಥವಾ ಅಳಿಯಕಟ್ಟು. ಇಲ್ಲಿ ಅಳಿಯ ಅಂದ್ರೆ ಮಗಳ ಗಂಡ ಅಲ್ಲ, ಅಕ್ಕತಂಗಿಯರ ಮಗ. ಮಕ್ಕಳು ತಾಯಿಯ ‘ಬಳಿ’ಗೆ ಸೇರಿದವರು. ಹೆಣ್ಣುಮಗಳು ಗಂಡನ ಮನೆಯಲ್ಲಿ ಬಾಳಿದರೂ ಅವಳ, ಅವಳ ಮಕ್ಕಳ ಹಕ್ಕು ತಾಯಿಮನೆಯಲ್ಲೇ.

ಇದು ಹೇಗೆ ಶುರುವಾಯ್ತು ಅನ್ನೋದಕ್ಕೆ ಒಂದು ಐತಿಹ್ಯ ಇದೆ. ದೇವಪಾಂಡ್ಯ ಅನ್ನೋ ರಾಜ ಹೊಸ ಹಡಗುಗಳನ್ನು ನೀರಿಗಿಳಿಸುವಾಗ ಕುಂಡೋದರ ಅನ್ನೋ ಭೂತ ಅವನ ಮಗನನ್ನೇ ಬಲಿ ಕೇಳಿತಂತೆ. ಹೆಂಡತಿ ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಡ್ತೀನಿ ಅಂದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ರಾಜ್ಯ ಆ ಅಳಿಯನಿಗೇ ಹೋಯಿತು. ಅವನೇ ಭೂತಾಳಪಾಂಡ್ಯ. ಇದು ಕತೆ, ಇತಿಹಾಸ ಅಲ್ಲ. ಆದರೆ ಚೌಟ ಅರಸರಲ್ಲಿ ಇದೇ ಪದ್ಧತಿ ಇತ್ತು ಅನ್ನೋದು ಇತಿಹಾಸ. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಬಂದದ್ದು ಆ ಮನೆತನದಿಂದಲೇ.

ಹಾಗಂತ ಇದನ್ನು ‘ಹೆಂಗಸರ ರಾಜ್ಯ’ ಅಂತ ಮಕ್ಕಳಿಗೆ ಹೇಳಿದ್ರೆ ತಪ್ಪಾಗುತ್ತೆ. ವಂಶ ಹೆಣ್ಣಿನಿಂದ ಮುಂದುವರಿದರೂ ಮನೆಯ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇರ್ತಿತ್ತು. ಅಪ್ಪನಿಗೆ ಪ್ರೀತಿ ಎಷ್ಟಿದ್ದರೂ ತನ್ನ ಕುಟುಂಬದ ಜಮೀನನ್ನು ಮಕ್ಕಳಿಗೆ ಬಿಟ್ಟುಹೋಗುವ ಹಾಗಿರಲಿಲ್ಲ. ದಕ್ಷಿಣ ಕನ್ನಡ ಆಗಿನ್ನೂ ಮದ್ರಾಸಿಗೆ ಸೇರಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲು ಮಾಡಿಕೊಳ್ಳೋಕೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಅಪ್ಪನ ಪಾಲು ಮಕ್ಕಳಿಗೂ ಬರುವ ಹಾಗಾಯ್ತು. ಕಾನೂನು ಬದಲಾದರೂ ‘ಬಳಿ’ ಮಾತ್ರ ಹೋಗಿಲ್ಲ. ಮದುವೆ ಮಾತುಕತೆಯಲ್ಲಿ ಇವತ್ತಿಗೂ ಅದನ್ನು ಕೇಳ್ತಾರೆ.

ಮೇಘಾಲಯದ ಖಾಸಿಗಳಲ್ಲೂ ಮಕ್ಕಳು ತಾಯಿಯ ಕುಲದವರು, ಹಿರಿಯರ ಮನೆ ಕಿರಿಯ ಮಗಳಿಗೆ. ಇಂಡೋನೇಷ್ಯಾದ ಮಿನಂಗ್‌ಕಬಾವ್ ಮುಸ್ಲಿಮರಲ್ಲೂ ಹಿರಿಯರ ಮನೆ, ಗದ್ದೆ ತಾಯಿಯಿಂದ ಮಗಳಿಗೆ ಹೋಗುತ್ತೆ.

ಇದನ್ನೆಲ್ಲ ಆರು ವರ್ಷದ ಮಗುವಿಗೆ ಯಾಕೆ ಹೇಳಬೇಕು? ಪ್ರತಿ ಕ್ಲಾಸಿನಲ್ಲೂ ಅಮ್ಮ ಒಬ್ಬಳೇ ಸಾಕುತ್ತಿರೋ, ಅಜ್ಜಿ ಮನೆಯಲ್ಲೋ ಮಾವನ ಮನೆಯಲ್ಲೋ ಬೆಳೆಯುತ್ತಿರೋ ಮಗು ಇರಬಹುದು. ಒಂದೇ ಥರದ ಮರ ಬಿಡಿಸು ಅಂದಾಗ ಆ ಮಗುವಿಗೆ ತನ್ನ ಮನೆಯೇ ಏನೋ ತಪ್ಪು ಅನ್ನಿಸುತ್ತೆ. ಮಾವನ ಮನೆಯಲ್ಲಿ ಬೆಳೆದ ಹುಡುಗರೇ ರಾಜರಾದ ನಾಡು ಇದು ಅಂತ ಗೊತ್ತಾದ್ರೆ ಹಾಗನ್ನಿಸಲ್ಲ, ಅಲ್ವಾ?

ನಿಮ್ಮ ಕಡೆ ಇಂಥ ಬೇರೆ ಥರದ ಮರಗಳಿದ್ದರೆ ತಿಳಿಸಿ...